ನರಿಯ ಮೀಸೆ ಮತ್ತು ನೂರು ಸೋಲಾರ್ ಹಲಗೆ

ಮಕ್ಕಳೇ, ಜಾಲಿಮುಳ್ಳು ಬಿಟ್ಟರೆ ಬೇರೇನೂ ಬೆಳೆಯದ ಒಂದು ಕುರುಚಲು ಕಾಡಿತ್ತು. ಅಲ್ಲಿನ ಪ್ರಾಣಿಗಳಿಗೆಲ್ಲ ಒಂದೇ ಕೊಳವೆ ಬಾವಿ. ಅದರ ಪಂಪು ನಡೆಸಲು ಅವು ನೂರು ಸೋಲಾರ್ ಹಲಗೆ ತರಿಸಿದವು. ಎಲ್ಲಿಂದ ಅಂತ ಕೇಳಬೇಡಿ. ನನಗೆ ಹೇಳಿದ್ದು ಕಾಗೆ. ಅದು ನನಗಿಂತ ದೊಡ್ಡ ಸುಳ್ಳುಬುರುಕ.

ಹಲಗೆ ನಿಲ್ಲಿಸಲು ಜಾಗ ಹುಡುಕುವ ಯಜಮಾನಿಕೆ ನರಿ ಜಟ್ಟೆಪ್ಪನಿಗೆ ಸಿಕ್ಕಿತು. ಜಟ್ಟೆಪ್ಪನ ಮೀಸೆ ಗೇಣುದ್ದ. ಆಸಾಮಿ ಮಾತ್ರ ಶುದ್ಧ ಮೈಗಳ್ಳ.

"ಗುಡ್ಡದಾಚೆ ನಮ್ಮ ಹಾಸುಬಂಡೆ ಇದೆಯಲ್ಲಣ್ಣ," ಎಂದಿತು ಓತಿಕ್ಯಾತ. "ಹುಲ್ಲಿಲ್ಲ, ನೆರಳಿಲ್ಲ, ಇರುವೆ ಗೂಡೂ ಇಲ್ಲ. ಏಳು ತಲೆಮಾರಿಂದ ಅಲ್ಲೇ ಬಿಸಿಲು ಕಾಯಿಸ್ತಿದ್ದೀವಿ."

ಗುಡ್ಡದಾಚೆ! ಕೇಳಿದ್ದಕ್ಕೇ ಜಟ್ಟೆಪ್ಪನಿಗೆ ಮಂಡಿ ನೋವು ಬಂತು. ಅವನ ಗುಹೆಯ ಬಾಗಿಲಲ್ಲೇ ಒಂದು ಬಟಾಬಯಲಿತ್ತು. ಮಟ್ಟಸ ನೆಲ, ಒಂದು ಮರವಿಲ್ಲ, ಮಣ್ಣೆಲ್ಲ ಬಿರುಕು. ಮಲಗಿದಲ್ಲಿಂದಲೇ ಮೇಲ್ವಿಚಾರಣೆ ಮಾಡಬಹುದು!

"ಇಲ್ಲಿ ಯಾರೂ ಇಲ್ಲ, ಬರೀ ಬಂಜರು!" ಎಂದು ಮೊದಲ ಗೂಟ ಹೊಡೆದ.

"ಯಾವನೋ ಅವನು, ನನ್ನ ನೆತ್ತಿ ಮೇಲೆ ಗೂಟ ಹೊಡೆಯೋನು?"

ಮಣ್ಣಡಿ ನಿದ್ದೆ ಹೋಗಿದ್ದ ಕಪ್ಪೆ ಕೆಂಚಜ್ಜಿ ಬಿರುಕಿನಿಂದ ಒಂದು ಕಣ್ಣು ಹೊರಹಾಕಿದಳು. "ಇದು ಕೆರೆ ಕಣೋ!"

"ನಾನು ಇಲ್ಲಿಗೆ ಬಂದು ಎರಡು ವರ್ಷವಾಯ್ತು, ಒಂದು ಹನಿ ಕಂಡಿಲ್ಲ. ನೀರೆಲ್ಲಜ್ಜಿ?"

"ನೆಂಟರ ಮನೆಗೆ ಹೋಗಿದೆ. ಬರುತ್ತೆ."

"ಬಂದರೆ ಈ ಮೀಸೆ ಬೋಳಿಸ್ಕೋತೀನಿ. ಮಲಕೋ ಅಜ್ಜಿ!"

ನೂರು ಹಲಗೆ ನಿಂತವು. ಪಂಪಿನಿಂದ ನೀರು ಬುಳುಬುಳು ಬಂತು. ಎಲ್ಲರೂ ಹೊಟ್ಟೆ ತುಂಬ ಕುಡಿದು "ಜಟ್ಟೆಪ್ಪಣ್ಣನಿಗೆ ಜೈ" ಅಂದರು. ಒಂಬತ್ತು ದಿನ ಅವನು ಮಲಗಿಕೊಂಡೇ ಮೀಸೆ ತಿರುವಿದ.

ಹತ್ತನೆಯ ದಿನ ಮಳೆ ಬಂತು. ಎಂಥ ಮಳೆ ಅಂತೀರಿ! ಒಂದೊಂದು ಹನಿ ಕುಂಬಳಕಾಯಿ ಗಾತ್ರ. ಸರಿ, ನಿಂಬೆಕಾಯಿ ಅಂತಲೇ ಇಟ್ಟುಕೊಳ್ಳಿ. ಸಂಜೆಯೊಳಗೆ ಕೆರೆ ತುಂಬಿ ಹಲಗೆಗಳೆಲ್ಲ ಮುಳುಗಿದವು. ಪಂಪು ಎರಡು ಸಲ ಬಿಕ್ಕಳಿಸಿ ಸುಮ್ಮನಾಯಿತು.

"ಹೋಗಲಿ ಬಿಡಿ, ಈಗ ನೀರಿದೆಯಲ್ಲ," ಎಂದ ಜಟ್ಟೆಪ್ಪ ಮೆಲ್ಲಗೆ.

ಮೊಲ ಸಿಡುಕಿದಳು. "ಬೇಸಿಗೆಗೆ ಇದು ಮತ್ತೆ ನೆಂಟರ ಮನೆಗೆ ಹೊರಡುತ್ತೆ. ಆಗ ನನ್ನ ಮರಿಗಳೇನು ನಿನ್ನ ಮೀಸೆ ನೆಕ್ಕಬೇಕಾ?"

"ಆ ಮೀಸೆ ಇದ್ದರೆ ತಾನೆ!" ಎಂದಳು ಕೆಂಚಜ್ಜಿ, ನೀರಲ್ಲಿ ತೇಲುತ್ತ.

ಮಾತು ಅಂದರೆ ಮಾತು. ಬಿಲದಿಂದ ಏಡಿ ಬಂದು ಕತ್ತರಿಗಾಲಿಂದ ಚಕ್ ಚಕ್ ಎಂದು ಮೀಸೆ ತೆಗೆಯಿತು. ಆಮೇಲೆ ಜಟ್ಟೆಪ್ಪ ನೀರಿಗೆ ಧುಮುಕಿ ಒಂದು ಹಲಗೆ ಎತ್ತಿದ, ಬೆನ್ನಿಗೆ ಕಟ್ಟಿಕೊಂಡ, ಏದುಸಿರು ಬಿಡುತ್ತ ಗುಡ್ಡ ಹತ್ತಿ ಇಳಿದ.

ಬಂಡೆಯ ಮೇಲೆ ಓತಿಕ್ಯಾತ ಕತ್ತು ಕುಣಿಸುತ್ತ ಕೂತಿತ್ತು.

"ಯಾವೂರ ನಾಯಪ್ಪಾ ನೀನು? ನಮ್ಮ ಜಟ್ಟೆಪ್ಪಣ್ಣ ಎಲ್ಲಿ?"

"ನಾನೇ ಕಣೋ!"

"ಓಹೋ, ನೀನಾ! ಇಲ್ಲಿಡಣ್ಣ. ಇನ್ನೇನು, ತೊಂಬತ್ತೊಂಬತ್ತೇ ಉಳಿದಿರೋದು."

ನೀತಿ: ಒಣಗಿದ ನೆಲವೆಲ್ಲ ಬಂಜರಲ್ಲ, ಗೂಟ ಹೊಡೆಯುವ ಮುಂಚೆ ಅಲ್ಲಿ ಬಾಳುವವರ ಮಾತು ಕೇಳಬೇಕು.