ತುಂಬಿದೆ ಎಂಬ ಮಾತು

"ಗುರುಗಳೇ, ಇನ್ನು ಯಾವ ಸೌಲಭ್ಯ ಸೇರಿಸಿದರೆ ಇದು ಪೂರ್ತಿಯಾಗುತ್ತದೆ?" ಎಂದು ಶಿಷ್ಯ ಕೇಳಿದ.

ಅವನು ಕಂಪ್ಯೂಟರಿನ ಪರದೆಯ ಮೇಲೆ ಕಾಣುವ ಒಂದು ವೇಳಾಪಟ್ಟಿಯನ್ನು ಕಟ್ಟಿದ್ದ. ಬೇರೆ ಸಾಫ್ಟ್‌ವೇರ್ ಕೆಲಸಗಾರರು ತಮ್ಮ ಕೆಲಸದೊಳಗೆ ಜೋಡಿಸಿಕೊಳ್ಳಬಹುದಾದ ಬಿಡಿಭಾಗ ಅದು. ಎಡಗಡೆ ಹೆಸರುಗಳ ಸಾಲು, ಮೇಲೆ ದಿನ ಮತ್ತು ಗಂಟೆ, ನಡುವೆ ಒಂದೊಂದು ಕೆಲಸಕ್ಕೆ ಒಂದೊಂದು ಬಣ್ಣದ ಪಟ್ಟಿ. ಪಟ್ಟಿಯನ್ನು ಬೆರಳಿನಿಂದ ಎಳೆದು ಬೇರೆ ದಿನಕ್ಕೆ ಇಡಬಹುದು. ಒಂದನ್ನು ಸರಿಸಿದರೆ ಅದಕ್ಕೆ ಅಂಟಿಕೊಂಡವೂ ಸರಿಯುತ್ತವೆ. ವಾರವಾರದ ಕೆಲಸ ತಾನಾಗಿ ಮುಂದಿನ ವಾರಕ್ಕೂ ಹೋಗಿ ಕೂರುತ್ತದೆ. ಎರಡು ಕೆಲಸ ಒಂದರ ಮೇಲೊಂದು ಬಿದ್ದರೆ ಎರಡೂ ಕೆಂಪಾಗುತ್ತವೆ. ಇಡೀ ತಿಂಗಳನ್ನು ಒಂದೇ ನೋಟಕ್ಕೆ ತರಬಹುದು, ಒಂದು ಗಂಟೆಯನ್ನು ಪರದೆಯಷ್ಟಗಲ ಹಿಗ್ಗಿಸಲೂಬಹುದು.

ಗುರು ಎಲ್ಲವನ್ನೂ ನೋಡಿದರು. ತಾವೇ ಒಂದೆರಡು ಪಟ್ಟಿಗಳನ್ನು ಎಳೆದು ನೋಡಿದರು. ಚೆನ್ನಾಗಿದೆ ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸಿದ್ದಳು. ಅವಳ ಗಂಡನದು ಆಕ್ಸಿಜನ್ ಸಿಲಿಂಡರುಗಳನ್ನು ರೋಗಿಗಳ ಮನೆಗೆ ಕೊಡುವ ವ್ಯಾಪಾರ. ಗಂಡ ತೀರಿಕೊಂಡ. ತಿಥಿ ಮುಗಿದ ದಿನವೇ ಅವಳ ಭಾವ ಬಂದು ಅಂಗಡಿಯ ಬೀಗದ ಕೈ ಕೇಳಿದ. "ಹೆಬ್ಬೆಟ್ಟು ಒತ್ತೋಳು ನೀನು. ತುಂಬಿದ್ದು ಯಾವುದು, ಖಾಲಿ ಯಾವುದು ಅಂತ ತಟ್ಟಿ ನೋಡಿ ಹೇಳೋಕೆ ಇದೇನು ಮಡಕೆ ವ್ಯಾಪಾರ ಅಲ್ಲ ಕಣಮ್ಮ. ನಿನ್ನ ಕೈಲಾಗಲ್ಲ" ಎಂದ. ಕೂತಿದ್ದ ನೆಂಟರು ನಕ್ಕರು. ಅವಳು ಬೀಗದ ಕೈ ಕೊಡಲಿಲ್ಲ.

ಅವಳು ಓದುವುದನ್ನು ಕಲಿತಳು. ಕಲಿಸಿದವರು ಯಾರೂ ಇಲ್ಲ. ಪ್ರತಿ ಸಿಲಿಂಡರಿನ ಕೊರಳಿಗೂ ಒಂದು ರಟ್ಟಿನ ಚೀಟಿ ಕಟ್ಟಿರುತ್ತಿತ್ತು. ಅದರ ಒಂದು ಮಗ್ಗುಲಲ್ಲಿ 'ತುಂಬಿದೆ', ಇನ್ನೊಂದು ಮಗ್ಗುಲಲ್ಲಿ 'ಖಾಲಿ'. ಅವಳಿಗೆ ಓದಲು ಬಂದ ಮೊದಲ ಮಾತುಗಳು ಅವೇ. ಆ ಅಕ್ಷರಗಳನ್ನು ಬೇರೆ ಕಡೆ ಹುಡುಕಿದಳು. ಅಂಗಡಿಯ ಬೋರ್ಡಿನಲ್ಲಿ 'ತು' ಸಿಕ್ಕಿತು, ಬಸ್ಸಿನ ಹಣೆಯ ಮೇಲೆ 'ಖಾ' ಸಿಕ್ಕಿತು. ಕೆಲವು ವರ್ಷಗಳಲ್ಲಿ ಅವಳು ದಿನಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದಳು, ಭಾವನ ಮನೆಯ ಜಗುಲಿಗೆ ಕೇಳುವಷ್ಟು ಗಟ್ಟಿಯಾಗಿ.

ಮೊದಮೊದಲು ಅವಳು ವ್ಯಾನಿನಲ್ಲಿ ತಾನೇ ಮನೆಮನೆಗೆ ಹೋಗುತ್ತಿದ್ದಳು. ಗಾಳಿ ಎಷ್ಟಿದೆ ಎಂದು ಸಿಲಿಂಡರಿನ ಮುಳ್ಳು ನೋಡುತ್ತಿದ್ದಳು, ರೋಗಿಯ ಮುಖ ನೋಡುತ್ತಿದ್ದಳು, ಮನೆಯವರು ಕೊಟ್ಟ ಮಜ್ಜಿಗೆ ಕುಡಿದು ಬರುತ್ತಿದ್ದಳು. ವ್ಯಾಪಾರ ಬೆಳೆಯಿತು. ಎಲ್ಲ ಮನೆಗೂ ಹೋಗಲು ಆಗಲಿಲ್ಲ. ಆಗ ಒಬ್ಬ ಜಾಣನನ್ನು ಕರೆಸಿ, ನೀನು ಮಾಡಿದಂಥದೇ ಒಂದು ವೇಳಾಪಟ್ಟಿಯನ್ನು ಮಾಡಿಸಿಕೊಂಡಳು. ಒಂದೊಂದು ಸಾಲು ಒಂದೊಂದು ವ್ಯಾನು. ಒಂದೊಂದು ಪಟ್ಟಿ ಒಂದೊಂದು ಮನೆ. ಅದು ಬಂದ ಮೇಲೆ ಯಾವ ಮನೆಯೂ ತಪ್ಪಿಹೋಗಲಿಲ್ಲ. ಇನ್ನು ನಾವು ಬೀಡಿ ಸೇದೋಕೂ ಅಕ್ಕ ಒಂದು ಪಟ್ಟಿ ಎಳೀತಾಳೆ ಎಂದು ವ್ಯಾನಿನವರು ತಮ್ಮತಮ್ಮಲ್ಲೇ ಆಡಿಕೊಂಡರು. ಅದು ಅವಳ ಕಿವಿಗೂ ಬಿತ್ತು. ಅವಳಿಗೆ ಸಂತೋಷವೇ ಆಯಿತು. ಆ ಪರದೆಯನ್ನು ಬೀದಿಯಲ್ಲಿ ಹೋಗುವವರಿಗೆ ಕಾಣುವಂತೆ ಇಟ್ಟಿದ್ದಳು. ಭಾವ ಅದೇ ಬೀದಿಯಲ್ಲಿ ಹೋಗುತ್ತಿದ್ದ.

ಊರಿನ ತೋಪಿನ ಬೀದಿಯಲ್ಲಿ ಚಿಕ್ಕೀರಯ್ಯ ಎಂಬವನಿದ್ದ. ಕಲ್ಲಿನ ಕ್ವಾರಿಯಲ್ಲಿ ದುಡಿದು, ದೂಳು ಕುಡಿದು, ಎದೆ ಕೆಟ್ಟಿತ್ತು. ಸಿಲಿಂಡರಿನ ಗಾಳಿಯಿಲ್ಲದೆ ಅವನಿಗೆ ಉಸಿರಾಡಲು ಆಗುತ್ತಿರಲಿಲ್ಲ. ಮನೆಯಲ್ಲಿ ಎರಡು ಸಿಲಿಂಡರ್ ಇರುತ್ತಿದ್ದವು. ಒಂದು ನಡೆಯುತ್ತಿರುವುದು, ಒಂದು ಮೀಸಲು. ವಾರಕ್ಕೊಮ್ಮೆ ಗೊತ್ತಾದ ದಿನ ವ್ಯಾನು ಬಂದು ಖಾಲಿಯಾದದ್ದನ್ನು ಒಯ್ದು, ತುಂಬಿದ್ದನ್ನು ಇಳಿಸಿ ಹೋಗುತ್ತಿತ್ತು. ಪರದೆಯಲ್ಲಿ ಅವನ ಹೆಸರಿನ ಪಟ್ಟಿ ವಾರವಾರವೂ ಅದೇ ಜಾಗದಲ್ಲಿ ತಾನಾಗಿ ಬಂದು ಕೂರುತ್ತಿತ್ತು.

ಒಂದು ವಾರ ಅವನಿಗೆ ಕೆಮ್ಮು ಹೆಚ್ಚಾಗಿ ಗಾಳಿ ಬೇಗ ಮುಗಿಯಿತು. ಅವನ ಹೆಂಡತಿ ಮೀಸಲಿನ ಸಿಲಿಂಡರನ್ನು ಜೋಡಿಸಿದಳು. ವ್ಯಾನು ಬರುವ ದಿನದ ಹೊತ್ತಿಗೆ ಅದೂ ತಳ ಕಾಣುತ್ತಿತ್ತು. ಹೇಗೂ ಅಂದು ವ್ಯಾನು ಬರುತ್ತದೆ. ಆದರೂ ಒಂದು ಮಾತು ಹೇಳಿಬಿಡೋಣ ಎಂದು ಬೆಳಿಗ್ಗೆ ಅಂಗಡಿಗೆ ಫೋನ್ ಮಾಡಿದಳು.

ಅದೇ ಹೊತ್ತಿಗೆ ಪಕ್ಕದ ಊರಿನ ಹೆರಿಗೆ ಆಸ್ಪತ್ರೆಯಿಂದ ಮಧ್ಯಾಹ್ನಕ್ಕೆ ಬೇಕೆಂದು ಅವಸರದ ಬೇಡಿಕೆ ಬಂದಿತ್ತು. ಒಂದು ವ್ಯಾನು ಕೆಟ್ಟು ನಿಂತಿತ್ತು. ಆಸ್ಪತ್ರೆಯ ಪಟ್ಟಿಯನ್ನು ಉಳಿದ ವ್ಯಾನಿನ ಸಾಲಿಗೆ ಎಳೆದರೆ ಅದು ಚಿಕ್ಕೀರಯ್ಯನ ಪಟ್ಟಿಯ ಮೇಲೆ ಬೀಳುತ್ತಿತ್ತು. ಎರಡೂ ಕೆಂಪಾಗಿದ್ದವು. ಯಾವುದನ್ನು ಬಿಡುವುದು ಎಂದು ಅಂಗಡಿಯವಳು ಪರದೆಯ ಮುಂದೆ ಕೂತಿದ್ದಾಗ ಫೋನ್ ಬಂತು.

"ಅಕ್ಕಾ, ನಮ್ಮನೇದು ತುಂಬೈತೆ" ಎಂದಳು ಚಿಕ್ಕೀರಯ್ಯನ ಹೆಂಡತಿ.

"ತುಂಬಿದೆಯಾ? ಒಳ್ಳೇದಾಯ್ತು ಬಿಡಮ್ಮ. ಇಲ್ಲಿ ಹಾಕ್ಕೊಂಡೆ."

"ಹಂಗಾದ್ರೆ ಸರಿ ಕಣಕ್ಕ."

ಅಂಗಡಿಯವಳು ಚಿಕ್ಕೀರಯ್ಯನ ಪಟ್ಟಿಯನ್ನು ಮುಂದಿನ ವಾರಕ್ಕೆ ಎಳೆದಳು. ಕೆಂಪು ಹೋಯಿತು. ಮಿಕ್ಕ ಪಟ್ಟಿಗಳು ತಾವಾಗಿ ಸರಿದು ಕೂತವು. ಪರದೆ ನೋಡಲು ಚೆಂದವಾಯಿತು.

ಚಿಕ್ಕೀರಯ್ಯನ ಹೆಂಡತಿ ಬಾಗಿಲಲ್ಲಿ ನಿಂತಳು. ಮಧ್ಯಾಹ್ನವಾಯಿತು. ಇನ್ನೊಂದು ಸಲ ಫೋನ್ ಮಾಡು ಎಂದು ಪಕ್ಕದ ಮನೆಯವಳು ಹೇಳಿದಳು. ಅಕ್ಕ ಹಾಕ್ಕೊಂಡೆ ಅಂದವಳೆ, ಮತ್ತೆ ಮತ್ತೆ ಕೇಳಿದರೆ ನಂಬಿಕೆ ಇಲ್ಲ ಅಂದಂಗಾಗುತ್ತೆ ಎಂದು ಇವಳು ಅಂದಳು. ಸ್ವಲ್ಪ ಹೊತ್ತಿಗೆ ವ್ಯಾನು ಬೀದಿಯ ತುದಿಯಲ್ಲಿ ಕಾಣಿಸಿತು. ಆಸ್ಪತ್ರೆಯ ಕಡೆ ಹೋಗುತ್ತಿತ್ತು. ಇವಳು ಕೈ ಎತ್ತಿದಳು. ಮಾತಾಡಿಸುತ್ತಿದ್ದಾಳೆ ಎಂದುಕೊಂಡು ವ್ಯಾನಿನವನೂ ನಕ್ಕು ಕೈ ಎತ್ತಿದ. ಆಸ್ಪತ್ರೆಗೆ ಇಳಿಸಿ ಬರುತ್ತಾ ನಮ್ಮನೆಗೆ ಬರುತ್ತಾನೆ ಎಂದು ಅವಳು ಒಳಗೆ ಹೋಗಿ ಗಂಡನಿಗೆ ಹೇಳಿದಳು. ವ್ಯಾನು ಬೇರೆ ದಾರಿಯಲ್ಲಿ ಮರಳಿತು.

ಸಂಜೆಗೆ ಮುಂಚೆ ಮೀಸಲಿನ ಸಿಲಿಂಡರಿನ ಮುಳ್ಳು ಕೆಳಗೆ ಬಂತು. ಅವಳು ಅಂಗಡಿಗೆ ಫೋನ್ ಮಾಡಿದಳು. ಅಂಗಡಿಯವಳು ಬೇರೆ ಯಾರೊಂದಿಗೋ ಫೋನಿನಲ್ಲಿದ್ದಳು. ನೆರೆಯವರು ಚಿಕ್ಕೀರಯ್ಯನನ್ನು ಆಟೋದಲ್ಲಿ ಮಲಗಿಸಿದರು. ಆಟೋ ಆಸ್ಪತ್ರೆಯ ಗೇಟು ಮುಟ್ಟುವ ಮೊದಲೇ ಅವನ ಉಸಿರು ನಿಂತಿತು.

ಮರುದಿನ ಸುದ್ದಿ ತಿಳಿದು ಅಂಗಡಿಯ ಹೆಂಗಸು ತಾನೇ ಆ ಮನೆಗೆ ಹೋದಳು. ಎರಡು ಸಿಲಿಂಡರುಗಳೂ ಗೋಡೆಗೆ ಒರಗಿ ನಿಂತಿದ್ದವು. ಎರಡರ ಮುಳ್ಳೂ ಸೊನ್ನೆಯಲ್ಲಿತ್ತು. ಚಿಕ್ಕೀರಯ್ಯನ ಹೆಂಡತಿ ಮೂಲೆಯಲ್ಲಿ ಕೂತಿದ್ದಳು. ಅಂಗಡಿಯವಳು ಅವಳ ಮುಂದೆ ನೆಲದ ಮೇಲೆ ಕೂತು, ತುಂಬಿದೆ ಅಂತ ಯಾಕಮ್ಮ ಹೇಳಿದೆ ಎಂದು ಕೇಳಿದಳು.

ಅವಳು ತಲೆಯೆತ್ತಿ ನೋಡಿದಳು. ಆ ಪ್ರಶ್ನೆಯೇ ಅವಳಿಗೆ ಅರ್ಥವಾಗಲಿಲ್ಲ.

"ತುಂಬೈತೆ ಅಂದ್ರೆ ಮುಗಿದೈತೆ ಅಂತ ಅಲ್ವಾ ಅಕ್ಕ. ಆ ಮನುಷ್ಯ ಅಲ್ಲೇ ಮಲಗಿ ಕೇಳಿಸ್ಕೋತಾ ಇದ್ದಾಗ, ನಿನ್ನ ಉಸಿರು ಮುಗೀತು ಅನ್ನೋ ಮಾತು ನನ್ನ ಬಾಯಲ್ಲಿ ಹೆಂಗೆ ಬರ್ಬೇಕು?"

ಅವಳು ಬೈಯಲಿಲ್ಲ, ಶಪಿಸಲಿಲ್ಲ. ನೀನೂ ಹೆಣ್ಣಲ್ಲವಾ, ನಿಮ್ಮ ಮನೇಲಿ ಹೆಂಗಂತೀರಿ ಎಂದಷ್ಟೇ ಕೇಳಿದಳು.

ಅಂಗಡಿಯವಳ ಮನೆಯಲ್ಲೂ ಹಾಗೆಯೇ ಅನ್ನುತ್ತಿದ್ದರು. ಅಕ್ಕಿ ಮುಗಿದರೆ ಮುಗಿಯಿತು ಎನ್ನಬಾರದು, ತುಂಬಿದೆ ಎನ್ನಬೇಕು. ಅರಿಸಿನ ಕುಂಕುಮದ ಭರಣಿ ಬರಿದಾದರೂ ತುಂಬಿದೆ ಎನ್ನಬೇಕು. ಅವಳ ತಾಯಿ ಅವಳಿಗೆ ಹಾಗೆ ಕಲಿಸಿದ್ದಳು, ಅವಳು ಸೊಸೆಗೆ ಕಲಿಸಿದ್ದಳು. ಫೋನ್ ಬಂದ ಆ ಬೆಳಿಗ್ಗೆ ಮನೆ ಬಿಡುವಾಗಲೂ, ಎಣ್ಣೆ ತುಂಬಿದೆ, ತರಿಸು ಎಂದು ಸೊಸೆಗೆ ಹೇಳಿಯೇ ಬಂದಿದ್ದಳು. ಆದರೆ ಅಂಗಡಿಯ ಕುರ್ಚಿಯಲ್ಲಿ ಕೂತವಳಿಗೆ ಆ ಮಾತು ಚೀಟಿಯ ಮೇಲಿನ ಮಾತಾಗಿ ಕೇಳಿಸಿತು. ಕಣ್ಣ ಮುಂದೆ ಕೆಂಪು ಪಟ್ಟಿಗಳಿದ್ದವು. ಅವಳಿಗೆ ಬೇಕಾಗಿದ್ದ ಉತ್ತರವೂ ಅದೇ ಆಗಿತ್ತು.

ಆ ಹೆಂಗಸು ಈಗಲೂ ಇದ್ದಾಳೆ. ಸ್ವಂತ ಗೋದಾಮು ಕಟ್ಟಿಸಿದ್ದಾಳೆ. ವ್ಯಾನುಗಳು ಹೆಚ್ಚಾಗಿವೆ. ಭಾವನ ಮಗನೇ ಅವಳ ಬಳಿ ಕೆಲಸಕ್ಕಿದ್ದಾನೆ. ಎಲ್ಲವೂ ಅವಳ ಹೆಸರಿನಲ್ಲಿದೆ, ಎಲ್ಲದಕ್ಕೂ ಅವಳದೇ ಸಹಿ. ಅದಕ್ಕೆ ಅವಳು ತೆತ್ತದ್ದು ಇಷ್ಟು. ತೋಪಿನ ಬೀದಿಯಲ್ಲಿ ಅವಳು ಕಾಲಿಡುವುದಿಲ್ಲ. ಮನೆಯಲ್ಲಿ ಅಕ್ಕಿ ಮುಗಿದರೆ ಮುಗಿಯಿತು ಎಂದೇ ಹೇಳುತ್ತಾಳೆ. ಹಾಗನ್ನಬೇಡಿ ಅತ್ತೆ, ಕೆಟ್ಟದ್ದು ಎಂದು ಸೊಸೆ ಒಮ್ಮೆ ಹೇಳಿದಳು. ಅವಳು ಎದ್ದು ಹೋದಳು. ತಾಯಿ ಕೊಟ್ಟ ಆ ಮಾತು ಅವಳ ಬಾಯಿಗೆ ಮತ್ತೆ ಬರಲಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯ ತನ್ನ ಪರದೆಯತ್ತ ತಿರುಗಿದ. ಪಟ್ಟಿಯನ್ನು ಬೇರೆ ದಿನಕ್ಕೆ ಸರಿಸುವ ಮುಂಚೆ 'ನಿಜವಾಗಿಯೂ ಸರಿಸಲೇ' ಎಂದು ಪರದೆಯೇ ಒಮ್ಮೆ ಕೇಳುವಂತೆ ಮಾಡುತ್ತೇನೆ, ಆಗ ಇಂಥದ್ದು ಆಗುವುದಿಲ್ಲ ಎಂದ.

"ಅದು ಕೇಳಿತ್ತಪ್ಪ, ಅವಳು ಹೌದು ಎಂದು ಒತ್ತಿದಳು" ಎಂದರು ಗುರು.