ಬಿಗಿಯಾಗಿ ಅಪ್ಪಿಕೊಂಡ ಮೊಳೆ

ಮುರಿದ ಮೂಳೆಯೊಂದನ್ನು ಕೂಡಿಸೋಕೆ ಡಾಕ್ಟರು ಅದರೊಳಗೆ ಹೊಸ ಮೊಳೆ ಇಟ್ಟಿದ್ದರು ಮಕ್ಕಳೇ. ಮೂಳೆಯ ಜೀವಕೋಶಗಳು ಬಂದು ಮೊಳೆಯ ಮೈಮೇಲೆ ನೆಲೆಸಿದರೆ ಅದಕ್ಕೆ ಬಾಳು. ಇಲ್ಲದಿದ್ದರೆ ಸಡಿಲವಾಗುತ್ತೆ, ಕಿತ್ತು ಎಸೆಯುತ್ತಾರೆ. ಪಾಪ, ಅದರ ಮೈಯೋ ಕೆಸುವಿನ ಎಲೆಯಂಥದ್ದು, ನೀರು ಕೂಡ ನಿಲ್ಲದು.

ಮೊದಲು ರಕ್ತದಲ್ಲಿ ತೇಲುತ್ತಾ ಪ್ರೋಟೀನಮ್ಮ ಬಂದಳು. "ಅಣ್ಣಾ, ನಾನು ನಿನ್ನ ಹೊಸ್ತಿಲಲ್ಲಿ ನಿಂತು ಕೈಬೀಸಿದರೆ ಜೀವಕೋಶಗಳು ಬರುತ್ತವೆ," ಎಂದಳು.

"ನೀನೂ ಜಾರಿಹೋದರೆ?" ಎಂದು ಮೊಳೆ ಅವಳನ್ನು ಬಾಚಿ ಅಪ್ಪಿತು.

"ಮೆಲ್ಲಗಣ್ಣಾ! ನನ್ನ ಕೈ ಕೆಳಗೆ ಸಿಕ್ಕಿಕೊಂಡಿತು!"

"ಬಿಟ್ಟರೆ ಹೋಗಿಬಿಡ್ತೀಯ," ಎಂದು ಅದು ಇನ್ನೂ ಬಿಗಿಯಿತು. ಅವಳ ಮೈ ಚಪ್ಪಟೆಯಾಯಿತು, ಕೈ ಮಡಚಿಹೋಯಿತು.

ಅಷ್ಟರಲ್ಲಿ ಒಂದು ಜೀವಕೋಶ ಬಂದು ನಿಂತಿತು. "ಯಾರಾದರೂ ಕರೀತೀರಾ? ಕೈಬೀಸಿ ಕರೆಯದ ಕಡೆ ನಾವು ಕೂರುವವರಲ್ಲ."

"ಕರೆಯಮ್ಮಾ, ಬೇಗ ಕರೆ!" ಎಂದು ಮೊಳೆ ಅಂಗಲಾಚಿತು.

"ಯಾವ ಕೈಯಿಂದ ಕರೆಯಲಣ್ಣಾ?" ಎಂದಳು ಅವಳು.

ಜೀವಕೋಶ ತುಸು ಹೊತ್ತು ಕಾದು ಮುಂದಕ್ಕೆ ಹೋಯಿತು. ಮೊಳೆ ಆಗ ತನ್ನ ಹಿಡಿತ ಸಡಿಲಿಸಿತು. ಮಡಚಿದ ಕೈ ಮಾತ್ರ ಮತ್ತೆ ಬಿಚ್ಚಿಕೊಳ್ಳಲಿಲ್ಲ.