ನೀಲವ್ವನ ದನಿ ಮತ್ತು ಹೊಸ ಬೋರ್ಡು

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ಸಿಡಿಲಿನ ಹೊಡೆತಕ್ಕೆ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋಯಿತು. ಶಿಷ್ಯ ಗಿರಿಮಲ್ಲ ಪೇಟೆಗೆ ಹೋಗಿ ಹೊಸದನ್ನು ತಂದು ತಾನೇ ಕೂಡಿಸಿದ.

ಆ ಕಂಪ್ಯೂಟರಿನ ಡಿಸ್ಕಿನಲ್ಲಿ ಆಶ್ರಮದ ಹಾಡುಗಾತಿ ನೀಲವ್ವ ಹಾಡಿದ ತತ್ವಪದಗಳಿದ್ದವು. ನೀಲವ್ವ ತೀರಿಕೊಂಡು ವರ್ಷವಾಗಿತ್ತು. ಅವಳ ದನಿ ಬೇರೆಲ್ಲೂ ಉಳಿದಿರಲಿಲ್ಲ. ಅದನ್ನು ಕೇಳಲೆಂದೇ ಮಗಳು ಕಲ್ಲವ್ವ ಬೆಳಿಗ್ಗೆ ಬಂದು ಪಡಸಾಲೆಯಲ್ಲಿ ಕುಳಿತಿದ್ದಳು.

"ಊಟದ ಹೊತ್ತಿಗೆ ಕೇಳಸ್ತೀನಿ ಅಕ್ಕಾ," ಎಂದು ಗಿರಿಮಲ್ಲ ಎದೆಯುಬ್ಬಿಸಿ ಹೇಳಿಬಿಟ್ಟಿದ್ದ.

ಗುಂಡಿ ಒತ್ತಿದ. ಫ್ಯಾನು ತಿರುಗಿತು, ದೀಪ ಹತ್ತಿತು. ಪರದೆಯ ಮೇಲೆ ಮಾತ್ರ ಒಂದೇ ಸಾಲು: ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ.

ಆರಿಸಿ ಹಚ್ಚಿದ. ಅದೇ ಸಾಲು. ಬೈದು ನೋಡಿದ. ಬೈಗುಳಕ್ಕೆ ಅದು ಜಗ್ಗಲಿಲ್ಲ.

ಹಳೆಯ ಡಿಸ್ಕು ಹೊಸ ಬೋರ್ಡಿಗೆ ಒಗ್ಗುವುದಿಲ್ಲ, ಹಾಡಂತೂ ಹೋಯಿತು, ಮಷೀನನ್ನಾದರೂ ಎಬ್ಬಿಸೋಣ ಎಂದುಕೊಂಡ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರು ಹೊರಡುವುದೇ ಹೀಗೆ. ಹೊಸ ಸಿಸ್ಟಮ್ ತುಂಬುವ ಪೆನ್‌ಡ್ರೈವ್ ಚುಚ್ಚಿದ. ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಲೇ ಎಂದು ಪರದೆ ಕೇಳಿತು.

ಬೆರಳು ಎತ್ತಿದ್ದ. ಬಾಗಿಲಲ್ಲಿ ಗುರುಗಳು ಮುರಿಗೆಪ್ಪಜ್ಜ ನಿಂತಿದ್ದರು.

"ಏನ್ ಮಾಡಾಕತ್ತೀಯೋ ತಮ್ಮಾ?"

"ಎಲ್ಲಾ ಅಳಿಸಿ ಹೊಸದಾಗಿ ಹಾಕ್ತೀನ್ರಿ ಅಜ್ಜಾರ. ಬ್ಯಾರೆ ದಾರಿ ಇಲ್ಲ."

"ಆಮ್ಯಾಲ ಅಳಸೀಯಂತ. ಮೊದಲ ದಾಸೋಹದ ಮನಿಗೆ ಬಾ."

ದಾಸೋಹದ ಮನೆಯಲ್ಲಿ ಒಲೆ ಉರಿಯುತ್ತಿತ್ತು, ಎಸರು ಕುದಿಯುತ್ತಿತ್ತು. ಅಂದೇ ಕೆಲಸಕ್ಕೆ ಸೇರಿದ ಅಡುಗೆಯ ಶಾಂತವ್ವ ಎಲ್ಲಿಂದ ಶುರು ಮಾಡಬೇಕೋ ತೋಚದೆ ಕೈಕಟ್ಟಿ ನಿಂತಿದ್ದಳು.

"ಇನ್ನೂ ಅಡಗಿ ಆಗಿಲ್ಲ," ಎಂದರು ಅಜ್ಜ. "ಗಿರಿಮಲ್ಲಾ, ಉಗ್ರಾಣದಾಗಿನ ಜ್ವಾಳ, ಬ್ಯಾಳಿ ಎಲ್ಲಾ ಒಯ್ದು ಹೊಳಿಗೆ ಚೆಲ್ಲು."

ಗಿರಿಮಲ್ಲ ಬೆಚ್ಚಿಬಿದ್ದ. "ಅಯ್ಯ ಅಜ್ಜಾರ! ಕಾಳು ಏನ್ ಪಾಪ ಮಾಡ್ಯಾವ್ರಿ? ಅಕೀ ಇವತ್ತ ಬಂದಾಳ. ಉಗ್ರಾಣ ಎಲ್ಲೈತಿ ಅಂತ ಯಾರರ ತೋರಿಸಿದ್ರ ಸಾಕಲ್ಲ?"

"ಹೌದ?" ಎಂದರು ಅಜ್ಜ.

ಮರುಗಳಿಗೆಯೇ ಗಿರಿಮಲ್ಲ ಧೋತರ ಎತ್ತಿಕಟ್ಟಿ ಕಂಪ್ಯೂಟರಿನತ್ತ ಓಡಿದ.

ಪೆನ್‌ಡ್ರೈವ್ ಕಿತ್ತು ಮೂಲೆಗೆ ಒಗೆದ. ಬೋರ್ಡಿನ ಸೆಟ್ಟಿಂಗ್ ತೆರೆದ. ಪಾಪ, ಅದಕ್ಕೆ ಇವತ್ತಿನ ತಾರೀಖೇ ಗೊತ್ತಿರಲಿಲ್ಲ. ತಿದ್ದಿದ. ಡಿಸ್ಕಿನ ಹೆಸರೂ ಅಲ್ಲೇ ಇತ್ತು, ಬೋರ್ಡು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇಲ್ಲಿಂದ ಶುರು ಮಾಡು ಎಂದು ಗುರುತು ಹಾಕಿ ಮತ್ತೆ ಹಚ್ಚಿದ.

ಪರದೆ ಬೆಳಗಿತು. ಎಲ್ಲವೂ ಇತ್ತು.

ಏಕತಾರಿ ಮಿಡಿಯಿತು. ಅದರ ಬೆನ್ನಿಗೇ ನೀಲವ್ವನ ದನಿ, ತುಸು ಒಡಕು, ತುಂಬ ಗಟ್ಟಿ, ಪಡಸಾಲೆಯನ್ನೆಲ್ಲ ತುಂಬಿತು.

"ನಮ್ಮವ್ವ!" ಕಲ್ಲವ್ವ ಎದ್ದು ನಿಂತಳು. ಅಳುತ್ತಲೇ ನಕ್ಕಳು. ಆಮೇಲೆ ತಾಯಿಯ ದನಿಗೆ ದನಿಗೂಡಿಸಿ ತಾನೂ ಹಾಡತೊಡಗಿದಳು.

ಗಿರಿಮಲ್ಲ, ಹಿಂದೆಯೇ ಬಂದಿದ್ದ ಅಜ್ಜನೆದುರು ಕುಣಿದೇಬಿಟ್ಟ. ಅಂಥ ಸಂತೋಷವನ್ನು ಅವನು ಹಿಂದೆಂದೂ ಉಂಡಿರಲಿಲ್ಲ. "ಗೆದ್ದೆನ್ರಿ ಅಜ್ಜಾರ, ಗೆದ್ದೆ!"

"ಗೆದ್ದಿ ಬಿಡಪ್ಪ," ಅಜ್ಜನೂ ನಕ್ಕರು.

"ಇನ್ನ ಮ್ಯಾಲ ಸಿಡಿಲು ಬಡದ್ರೂ ಈ ಹಾಡು ಹೋಗಬಾರದ್ರಿ. ಈಗಿಂದೀಗ ಇನ್ನೊಂದು ಪ್ರತಿ ಮಾಡ್ತೀನಿ. ಅದನ್ನ ಎಲ್ಲಿ ಇಡ್ಲಿ ಹೇಳ್ರಿ?"

ಅಜ್ಜ ಅವನ ಕೈ ಹಿಡಿದು ಕಲ್ಲವ್ವನ ಪಕ್ಕದಲ್ಲಿ ಕೂರಿಸಿದರು.

"ಬಾಯಿ ತಗಿ ತಮ್ಮಾ. ಹಾಡು."